ಹಳೆಯ ಜಾವಾ ಗಾಡಿಗೆ ಎಣ್ಣೆಯ ಲೆಕ್ಕ

ಕೊಂಢವಾದ ನಮ್ಮ ಬಂಧುಗಳಲ್ಲಿ ಕೆಲವರು ತಂದೆಯ ಕಾಲದ ಜಾವಾ ಗಾಡಿಯನ್ನು ಊರಿನಿಂದ ತಂದು ಮನೆಯಲ್ಲೇ ರಿಪೇರಿಗೆ ತೊಡಗುವುದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಇವನ್ನು ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗೆ ಬಣ್ಣ ಬಳಿಯುವ ಮೊದಲು ನಾವು ಎಣ್ಣೆಯ ಲೆಕ್ಕವನ್ನು ಕಲಿಯೋಣ.

ಇದು ಎರಡು ಸ್ಟ್ರೋಕಿನ ಎಂಜಿನ್. ಪಿಸ್ಟನ್ನಿಗೆ ಬೇಕಾದ ಎಣ್ಣೆಯು ಪೆಟ್ರೋಲಿನೊಡನೆಯೇ ಒಳಹೋಗಬೇಕು. ಗೇರುಪೆಟ್ಟಿಗೆಯ ಎಣ್ಣೆ ಅಲ್ಲಿಗೆ ತಲುಪದು. ಸಾಮಾನ್ಯವಾಗಿ 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಅಂದರೆ 5 ಲೀಟರಿಗೆ 200 ಮಿಲಿಲೀಟರ್. ಹೊಸ ಪಿಸ್ಟನ್ ಹಾಕಿದ್ದರೆ ಆರಂಭದಲ್ಲಿ 250. ಹೆಚ್ಚಾದರೆ ಹೊಗೆ ಎದ್ದು ಪ್ಲಗ್ಗಿಗೆ ಮಸಿ ಹಿಡಿಯುವುದು. ಕಡಿಮೆಯಾದರೆ ಪಿಸ್ಟನ್ ಕಾದು, ಹಿಗ್ಗಿ, ಕಚ್ಚಿಕೊಳ್ಳುವುದು. ಓಡುತ್ತಿರುವ ಗಾಡಿಯ ಹಿಂಚಕ್ರ ಥಟ್ಟನೆ ನಿಂತು ಸವಾರನು ಉರುಳಬಹುದು. ಎಂಜಿನ್ ಬಿಗಿಯುವಂತೆ ತೋರಿದೊಡನೆ ಕ್ಲಚ್ ಹಿಡಿಯಬೇಕು.

ಮಿಶ್ರಣವನ್ನು ಒಲೆಯಿರುವ ಕೋಣೆಯಲ್ಲಿ ಮಾಡಬಾರದು. ಬಯಲಿನಲ್ಲಿ, ಬೀಡಿ ಬೆಂಕಿಗಳನ್ನು ದೂರವಿಟ್ಟು, ಬೇರೆ ಡಬ್ಬಿಯಲ್ಲಿ ಚೆನ್ನಾಗಿ ಕಲಸಿ ಟ್ಯಾಂಕಿಗೆ ಸುರಿಯಬೇಕು. 2018ರಲ್ಲಿ ಮರಳಿ ಬಂದ ಹೊಸ ಜಾವಾಕ್ಕೆ ಈ ಲೆಕ್ಕ ಸಲ್ಲದು. ಅದು ನಾಲ್ಕು ಸ್ಟ್ರೋಕಿನದು. ಹಳೆಯ ಗಾಡಿಯುಳ್ಳವರು ಅಳತೆಯ ಬಾಟಲಿಯೊಂದನ್ನು ಸದಾ ಜೊತೆಗಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.