ಕ್ಯಾನ್ಸರ್ ಆಪರೇಷನ್‌ನಲ್ಲಿ ಕ್ಯಾಮೆರಾ, ಎಐ: ನೀವು ಕೇಳಬೇಕಾದ್ದೇನು?

ಇಚಲಕರಂಜಿಯ ಮಗ್ಗದ ಕಾರ್ಖಾನೆಗಳಲ್ಲಿ ತಂಬಾಕು-ಸುಣ್ಣ ತಿಕ್ಕುವ ಗಂಡಸರಿದ್ದಾರೆ. ಗಡಹಿಂಗ್ಲಜದ ಕಡೆ ಮಿಶ್ರಿಯಿಂದ, ಅಂದರೆ ಹುರಿದ ತಂಬಾಕಿನ ಪುಡಿಯಿಂದ, ಹಲ್ಲುಜ್ಜುವ ಹೆಂಗಸರಿದ್ದಾರೆ. ಇಂಥವರ ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಮನೆಮದ್ದು ಸಾಕು ಮಾಡಿ. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆ, ಇಚಲಕರಂಜಿಯ ಐಜಿಎಂ ಆಸ್ಪತ್ರೆ ಅಥವಾ ಕೊಲ್ಲಾಪುರದ ಸಿಪಿಆರ್ ಆಸ್ಪತ್ರೆಯಲ್ಲಿ ತೋರಿಸಿ. ಬಯಾಪ್ಸಿ ಆಗದೆ ಮುಂದಿನ ಯಾವ ಮಾತೂ ಇಲ್ಲ.

ವರದಿ, ಸ್ಕ್ಯಾನ್ ಸಿಡಿ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ. ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯ ಆಸ್ಪತ್ರೆಯಾದರೆ ಮೊದಲು ಅಲ್ಲಿನ ಸಹಾಯ ಸಿಬ್ಬಂದಿ ಆರೋಗ್ಯಮಿತ್ರರನ್ನು ಕಾಣಿ. ಬೆಳಗಾವಿಗೆ ಹೋಗುವವರು ತಮ್ಮ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಬೇಕು.

ಈಗ ಕ್ಯಾಮೆರಾದ ವಿಷಯ. ಅದು ಹಿಡಿಯುವುದು ದೇಹಕ್ಕೆ ಚುಚ್ಚಿದ ಬಣ್ಣದ ಹೊಳಪನ್ನು. ಇಂಥ ಬಣ್ಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಂಡೋಸಯನೈನ್ ಗ್ರೀನ್, ಆಸ್ಪತ್ರೆಯವರ ಬಾಯಲ್ಲಿ ಐಸಿಜಿ. ಪುಟ್ಟ ಸೀಸೆಯಲ್ಲಿ ಬರುವ ಹಸಿರು ಪುಡಿ. ಶುದ್ಧ ನೀರಿನಲ್ಲಿ ಕರಗಿಸಿ ಚುಚ್ಚುತ್ತಾರೆ. ಅಮೆರಿಕದಲ್ಲಿ 1959ರಲ್ಲೇ ಒಪ್ಪಿಗೆ ಪಡೆದ ಹಳೆಯ ಬಣ್ಣ ಇದು. ಇನ್‌ಫ್ರಾರೆಡ್ ಬೆಳಕು ಬಿದ್ದಾಗ ಹೊಳೆಯುತ್ತದೆ, ಆದರೆ ಬರಿಗಣ್ಣಿಗೆ ಆ ಹೊಳಪು ಕಾಣದು. ಕ್ಯಾಮೆರಾ ಹಿಡಿದದ್ದನ್ನು ಸರ್ಜನ್ ಪರದೆಯ ಮೇಲೆ ನೋಡುತ್ತಾರೆ. ಸ್ತನ ಕ್ಯಾನ್ಸರಿನಲ್ಲಿ ರೋಗ ಕಂಕುಳಿನ ಯಾವ ದುಗ್ಧಗ್ರಂಥಿಗೆ ಮೊದಲು ಹರಡಬಹುದು, ಕತ್ತರಿಸಿ ಜೋಡಿಸಿದ ಕರುಳಿಗೆ ರಕ್ತ ಹರಿಯುತ್ತಿದೆಯೇ ಎಂಬುದನ್ನು ಹೀಗೆ ತಿಳಿಯಬಹುದು. ಕ್ಯಾನ್ಸರ್ ಕಣವನ್ನೇ ಹುಡುಕಿ ಅಂಟಿಕೊಳ್ಳುವ ಬಣ್ಣ ಇದಲ್ಲ. ಅಂಥ ಒಂದು ಬಣ್ಣ, ಪಾಫೋಲಾಸಯನೈನ್, ಅಮೆರಿಕದಲ್ಲಿ 2021ರಲ್ಲಿ ಅಂಡಾಶಯದ ಕ್ಯಾನ್ಸರಿಗೂ 2022ರಲ್ಲಿ ಶ್ವಾಸಕೋಶದ ಕ್ಯಾನ್ಸರಿಗೂ ಒಪ್ಪಿಗೆ ಪಡೆಯಿತು. ಈ ಬೆಳಕು ಮಾಂಸದೊಳಗೆ ಹೆಚ್ಚೆಂದರೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಹಾಗಾಗಿ ಸಿಟಿ, ಎಂಆರ್‌ಐ ಸ್ಕ್ಯಾನ್ ಮಾಡಿಸುವುದು ತಪ್ಪುವುದಿಲ್ಲ.

ಇನ್ನು ಎಐ. ಅಮೆರಿಕದ 278 ಮಿದುಳು ಗಡ್ಡೆ ರೋಗಿಗಳ ಮೇಲಿನ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಗಡ್ಡೆಯ ತುಣುಕನ್ನು ಆಪರೇಷನ್ ಕೋಣೆಯಲ್ಲೇ ಲೇಸರ್‌ನಿಂದ ಚಿತ್ರಿಸಿ, ಎಐ 150 ಸೆಕೆಂಡಿನೊಳಗೆ ಗಡ್ಡೆ ಯಾವುದೆಂದು ಹೇಳಿತು, 94.6% ಸರಿ. ಪೆಥಾಲಜಿಸ್ಟರ ವಾಡಿಕೆಯ ಪರೀಕ್ಷೆ 93.9%. ಅಂದರೆ ಎರಡೂ ಸರಿಸಮ, ಗೆದ್ದದ್ದು ವೇಗ. ಕತ್ತಿ ಮಾತ್ರ ಸರ್ಜನ್ ಕೈಯಲ್ಲೇ ಇತ್ತು. ಜಾಹೀರಾತು ನಂಬಿ ದೂರದ ಊರಿಗೆ ಓಡುವವರು ಇದನ್ನು ಗಮನಿಸಲಿ.

ಸರ್ಜನ್ ಬಳಿ ಹೋಗುವಾಗ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಬೇಕಾದರೆ ಮರಾಠಿಯಲ್ಲೇ. ನಮ್ಮ ಕೇಸಿಗೆ ಬಣ್ಣ ಬೇಕೇ? ಅದರ ಖರ್ಚು ಯೋಜನೆಯಲ್ಲಿ ಸೇರಿದೆಯೇ? ಆಪರೇಷನ್ ನಡೆಯುವಾಗಲೇ ತುಣುಕನ್ನು ಹೆಪ್ಪುಗಟ್ಟಿಸಿ ನೋಡುವ ಫ್ರೋಜನ್ ಸೆಕ್ಷನ್ ಪರೀಕ್ಷೆ ಇದೆಯೇ? ಐಸಿಜಿಯಲ್ಲಿ ಅಯೋಡಿನ್ ಅಂಶವಿರುತ್ತದೆ. ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ಕ್ಯಾಮೆರಾ ಇಲ್ಲವೆಂಬ ಒಂದೇ ಕಾರಣಕ್ಕೆ ತಾರೀಖು ಮುಂದೂಡಬೇಡಿ.

ಆಪರೇಷನ್ ಆದ ಮೇಲೆ ಬರುವ ಪೆಥಾಲಜಿ ವರದಿಯಲ್ಲಿ 'ಮಾರ್ಜಿನ್' ಎಂಬ ಸಾಲು ಹುಡುಕಿ. ಬಾಯಿ ಕ್ಯಾನ್ಸರಿನಲ್ಲಿ ಗಡ್ಡೆಯ ಸುತ್ತ 5 ಮಿಲಿಮೀಟರ್ ಅಥವಾ ಹೆಚ್ಚು ರೋಗವಿಲ್ಲದ ಅಂಚು ಸಿಕ್ಕಿದ್ದರೆ ಸಾಮಾನ್ಯವಾಗಿ ಸಾಕೆನ್ನುತ್ತಾರೆ. ಕಡಿಮೆಯಿದ್ದರೆ ರೇಡಿಯೇಷನ್ ಬೇಕೇ ಎಂದು ಕೇಳಿ. ಹೊಲಿಗೆ ಬಿಚ್ಚಿಸಲು ಹೋದ ದಿನ ಆ ವರದಿಯ ನಕಲು ಪಡೆದೇ ಬನ್ನಿ.