ಬೆಕ್ಕಿಗೆ ಹೊಸ ಊಟ: ಹತ್ತು ದಿನ ತಾಳ್ಮೆ ಇರಲಿ

ಫಾರ್ಮರ್ಸ್ ಬ್ರಾಂಚ್‌ನ ನಮ್ಮ ಮನೆಯ ಬೆಕ್ಕು ಚಿನ್ನಿಗೆ ಈಚೆಗೆ ವೈದ್ಯರ ಸಲಹೆಯಂತೆ ಊಟ ಬದಲಾಯಿಸಬೇಕಾಯಿತು. ಊರಿನಿಂದ ಬಂದಿದ್ದ ನಮ್ಮತ್ತೆ, "ಹಸಿವಾದ್ರೆ ತಾನೇ ತಿನ್ನುತ್ತೆ ಬಿಡಮ್ಮ" ಎಂದರು. ಬೆಕ್ಕಿನ ವಿಷಯದಲ್ಲಿ ಈ ಮಾತು ನಡೆಯದು. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಲಿವರ್‌ನಲ್ಲಿ ತುಂಬಿಕೊಳ್ಳಬಹುದು. ದಪ್ಪ ಬೆಕ್ಕಿಗಂತೂ ಪ್ರಾಣಕ್ಕೇ ಅಪಾಯ. ಒಂದು ದಿನ ಪೂರ್ತಿ ಬಾಯಿ ಹಾಕದಿದ್ದರೆ ವೈದ್ಯರಿಗೆ ಫೋನ್ ಮಾಡಿ.

ನಾವು ಮೊದಲ ಮೂರು ದಿನ ಹಳೆಯದು ಮುಕ್ಕಾಲು, ಹೊಸದು ಕಾಲು ಭಾಗ ಬೆರೆಸಿದೆವು, ಆಮೇಲೆ ಅರ್ಧರ್ಧ, ನಂತರ ಹೊಸದೇ ಮುಕ್ಕಾಲು. ಹತ್ತನೇ ದಿನ ಪೂರ್ತಿ ಹೊಸದು. ಮೂತಿ ತಿರುಗಿಸಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಡಬ್ಬಿಯ ಊಟವನ್ನು ಉಗುರುಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ, ಬೆಕ್ಕು ಹತ್ತಿರ ಬರುತ್ತದೆ.

ಸಸ್ಯಾಹಾರಿ ಮನೆಯವರಿಗೆ (ನಾವೂ ಅವರೇ) ಒಂದು ಮಾತು. ಬರೀ ಮೊಸರನ್ನದಲ್ಲಿ ಬೆಕ್ಕು ಬದುಕದು. ಅದಕ್ಕೆ ಬೇಕಾದ ಟೌರಿನ್ ಮಾಂಸದಲ್ಲಿದೆ, ಅಕ್ಕಿಯಲ್ಲಿಲ್ಲ. ಟೌರಿನ್ ಕಡಿಮೆಯಾದರೆ ಬೆಕ್ಕಿನ ಹೃದಯ ಸೋಲುತ್ತದೆಂದು ಕ್ಯಾಲಿಫೋರ್ನಿಯಾದ ಪಾಲ್ ಪಯನ್ ತಂಡ 1987ರಲ್ಲಿ ತೋರಿಸಿತು. ಊರಲ್ಲಿ ಬೆಕ್ಕು ಮೊಸರನ್ನ ತಿಂದೇ ಇತ್ತಲ್ಲ ಎನ್ನುತ್ತೀರಾ? ಅಟ್ಟದ ಇಲಿಗಳನ್ನು ಮರೆತಿರಿ! ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನಂತೂ ಹಾಕಲೇಬೇಡಿ; ಬೆಕ್ಕಿನ ಕೆಂಪು ರಕ್ತಕಣಗಳು ಅದರಿಂದ ಒಡೆಯುತ್ತವೆ.