‘ತಕರಾರು’: ಮನೆಮಾತು ಮತ್ತು ಕಚೇರಿ ಕನ್ನಡ

ಶೃಂಗೇರಿ ತಾಲ್ಲೂಕಿನ ಬೇಗಾರಿನಂತಹ ಊರಿನ ವಿದ್ಯಾರ್ಥಿಗೆ ಔಪಚಾರಿಕ ಕನ್ನಡವನ್ನು ಕಲಿಸುವಾಗ ಅಪರಿಚಿತ ಪದಗಳಿಗಿಂತ ಪರಿಚಿತ ಪದಗಳೇ ಹೆಚ್ಚು ತೊಡಕಾಗುತ್ತವೆ. ‘ತಕರಾರು’ ಎಂಬುದನ್ನು ಗಮನಿಸಬಹುದು. ಅರಬ್ಬಿ ಮೂಲದ ಈ ಪದಕ್ಕೆ ಆಡುಮಾತಿನಲ್ಲಿ ಜಗಳ, ರಗಳೆ ಎಂಬ ಅರ್ಥ. ಖಾತೆ ಬದಲಾವಣೆಯ ನೋಟೀಸಿನಲ್ಲಾದರೋ ಅದು ಅವಧಿಯೊಳಗೆ ಸಲ್ಲಿಸಬೇಕಾದ ಆಕ್ಷೇಪಣೆ. ನೆರೆಯವರೊಡನೆ ಜಗಳವೇಕೆಂದು ಸುಮ್ಮನಿದ್ದವನು ಮುಂದೆ ಮೇಲ್ಮನವಿಯ ದಾರಿ ಹಿಡಿಯಬೇಕಾದೀತು. 1963ರ ಅಧಿನಿಯಮವು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯನ್ನಾಗಿಸಿತು. ಕಚೇರಿಯ ಶಬ್ದಸಂಪತ್ತು ಅದಕ್ಕೂ ಹಳೆಯದು. ಅರ್ಜಿಯಲ್ಲಿ ‘ಸದರಿ ಜಮೀನು’ ಎಂದೇ ಬರೆಯಬೇಕಿಲ್ಲ, ‘ಈ ಜಮೀನು’ ಎಂದರೆ ಸಾಕು. ಆದರೆ ‘ಮನವಿ’, ‘ಮೇಲ್ಮನವಿ’ಗಳ ಅಂತರ ತಪ್ಪುವಂತಿಲ್ಲ: ಮೊದಲನೆಯದು ಕೋರಿಕೆ, ಎರಡನೆಯದು ಹೊರಬಿದ್ದ ಆದೇಶವನ್ನು ಮೇಲಿನ ಅಧಿಕಾರಿಯ ಮುಂದೆ ಪ್ರಶ್ನಿಸುವುದು. ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ತರಗತಿಯಲ್ಲಿ ಒಂದು ನೋಟೀಸನ್ನೇ ಓದಿಸಿ, ಅದಕ್ಕೆ ತಕರಾರು ಬರೆಯಿಸುವುದು ಲೇಸು.